ಹದಿನಾಲ್ಕು ಸುತ್ತು

ಹೊಳಿ ನಮ್ಮದು, ಗುಡ್ಡ ಅವರದು.
ಕೃಷ್ಣೆಯ ದಂಡಿಗೆ ಜಾಕ್‌ವೆಲ್ಲು, ನಮ್ಮ ಕಾಗವಾಡ ತಾಲೂಕಿನಾಗ;
ನೀರು ಏರಿ ಕೂಡೂ ಟಾಕಿ ಮಾತ್ರ
ಗಡಿಕಲ್ಲಿನ ಆಚೆ, ಖೋತರ ಹೊಲದ ತಲಿಮ್ಯಾಲ.
ನಮ್ಮ ಕಡೆ ಎತ್ತರ ಇಲ್ಲ. ಅವರ ಕಡೆ ನೀರಿಲ್ಲ.
ಯಾವನೋ ಶಾಣ್ಯಾ ಎಂಜಿನಿಯರು ಎರಡೂ ಸರಕಾರದ ಸಹಿ
ಒಂದ ಹಾಳಿ ಮ್ಯಾಲ ಕೂಡಿಸಿದ್ದ,
ನಾ ಹುಟ್ಟೂಕಿಂತ ಮೊದಲ.

ನಾನು ಭರಮು ನಾಂದ್ರೆ, ಪಂಪಿನವ.
ಅಂವ ಜಾಲಿಂದರ ಖೋತ, ವಾಲ್ವಿನವ.
ನಾ ಮೋಟರ್ ಹಚ್ಚಿ ಒಂದು ಮಿಸ್‌ಕಾಲ್ ಕೊಟ್ಟರ
ಅಂವ ಗುಡ್ಡದ ಮ್ಯಾಲ ಪೈಪಿಗೆ ಕಿವಿ ಹಚ್ಚತಾನ.
ಮೂರೂ ಮುಕ್ಕಾಲು ಕಿಲೋಮೀಟರು, ನಾಲ್ವತ್ತು ನಿಮಿಷ.
ಮೊದಲು ಗಾಳಿ ಕೆಮ್ಮತೈತಿ, ಆಮ್ಯಾಲ ನೀರು.
"ಆಲಂ" ಅಂತಾನ. "ಬಂತೇನು" ಅಂತೀನಿ.
ಇಪ್ಪತ್ತೆರಡು ವರ್ಷದ ಗೆಳೆತನದಾಗ ಮಾತು ಇಷ್ಟ.

ಲಾಗ್‌ಬುಕ್ಕು ಒಂದ, ಕಾಲಂ ಎರಡು.
ನನ್ನ ಅಂಕಿ ಕನ್ನಡದಾವು, ಅವನವು ಬಾಳಬೋಧ.
ಐದು ಬರೆದರ ಅವಂಗ ತಿಳಿಯೂದಿಲ್ಲ, ಎಂಟು ಬರೆದರ ನನಗ.
ಎರಡು ಮಾತ್ರ ಎರಡೂ ಕಡೆ ಎರಡರಾಂಗ ಕಾಣತೈತಿ,
ಬಾಲ ತುಸು ಹೆಚ್ಚುಕಮ್ಮಿ.

ನವೆಂಬರ್ ಒಂದಕ್ಕ ಬಸ್ಸು ಗಡಿಗೆ ನಿಂತು ತಿರುಗತಾವು,
ಬೋರ್ಡಿಗೆ ಡಾಂಬರ ಬೀಳತೈತಿ,
ನಾಕ ಮಂದಿ ಪೊಲೀಸರು ಚಾ ಕುಡಕೋತ ಕೂಡತಾರ.
ಅವರ ಕುರ್ಚಿ ಕೆಳಗ ನೆಲದಾಗ ಒಂಬತ್ತಿಂಚಿನ ಬೀಡಿನ ಪೈಪು
ಹಾದು ಹೋಗತೈತಿ, ಯಾರನ್ನೂ ಕೇಳದ.

ಈ ವರ್ಷ ಯುಗಾದಿ ಮುಗಿದು ಎಂಟು ದಿನಕ್ಕ ಕಾಗದ ಬಂತು:
ಬಾಕಿ ಹಣ ಸಂದಾಯವಾಗಿಲ್ಲ, ಕರಾರಿನ ಮುದ್ದತು ತೀರಿದೆ,
ನೆರೆರಾಜ್ಯದ ವಾಲ್ವು ಕೂಡಲೇ ಬಂದ್ ಮಾಡತಕ್ಕದ್ದು.
ಕೆಳಗ ಸಹಿ, ಸಹಿ ಮ್ಯಾಲ ಶಿಕ್ಕಾ.
ಬಂದ್ ಮಾಡೂದು ಹ್ಯಾಂಗ? ವಾಲ್ವು ಅವರ ನೆಲದಾಗ.
ಕಾಗದ ಕಿಸೆದಾಗ ಇಟ್ಟು ಲೂನಾ ಏರಿದೆ.

ಜಾಲಿಂದರ ಓದಲಿಲ್ಲ; ನಮ್ಮ ಅಕ್ಷರ ಅವಂಗ ಬರೂದಿಲ್ಲ.
ಶಿಕ್ಕಾ ನೋಡಿದ. ನನ್ನ ಮಾರಿ ನೋಡಿದ.
ಗುಂಡಿ ಗೋಡಿಗೆ ಆನಿಸಿದ್ದ ಉದ್ದನ ಚಾವಿ ತಂದು
"ತೂಚ್ ಫಿರವ್" ಅಂದ. ನೀನ ತಿರುವು.
ಆ ವಾಲ್ವಿಗೆ ಹದಿನಾಲ್ಕು ಸುತ್ತು.
ಹದಿಮೂರು ತಿರುವಿದೆ. ಕೈ ಸೋತಿತು ಅಂತಲ್ಲ,
ಒಂದು ಉಳಿಸಿ ಚಾವಿ ತೆಗೆದೆ.
ಲಾಗ್‌ಬುಕ್ಕಿನಾಗ ಬರೆದೆ: ಪೂರ್ತಿ ಬಂದ್.
ಅಂವ ತನ್ನ ಕಾಲಂನಾಗ ಬರೆದ: ಬಂದ್.
ಆ ಶಬ್ದ ಎರಡೂ ಭಾಷಾದಾಗ ಒಂದ ಐತಿ.

ಮರುದಿನ ನಸುಕಿನಾಗ ನಮ್ಮ ಬಸ್‌ಸ್ಟ್ಯಾಂಡಿನ ನಳಕ್ಕ
ಅವರ ಊರಿನ ಘಾಗರ ಬಂದು ಸಾಲು ಹಿಡಿದಿದ್ದವು.
ಹಸೀನಾ ಮುಜಾವರ, ನಳದ ಮುಂದ ಆಕಿ ಬಾಯಿಗೆ
ಪಂಚಾಯತಿ ಸುದ್ದಾ ಅಂಜತೈತಿ,
ನೋಡಿದಳು, ಸೆರಗು ಬಿಗಿದಳು, ಮತ್ತ ನೋಡಿದಳು.
ತನ್ನ ಎರಡನೇ ಕೊಡ ಸಾಲಿನಿಂದ ಹೊರಗ ತೆಗೆದಳು.
ಆಮ್ಯಾಲ ನನಗ ಹತ್ತಿದಳು:
"ಭರಮಣ್ಣಾ, ಆ ಕಾಗದಾ ಹಿಂಡಿ ನೋಡು,
ಎಷ್ಟು ಕೊಡ ತುಂಬತಾವು."

ಬಂದ್ ಮಾಡಾಕ ಹುಕುಂ ಬಂದಿತ್ತು.
ತೆರಿಯಾಕ ಬಂದಿಲ್ಲ. ಬೆಳಗಾವಿಗೆ ಎರಡು ಸಲ ಹೋದೆ;
ಫೈಲು ಮ್ಯಾಲ ಐತಿ ಅಂದ್ರು, ಸಾಹೇಬ್ರು ಕೆಳಗ ಹೋಗ್ಯಾರ ಅಂದ್ರು.
ಕ್ಯಾಂಟೀನಿನ ನೀರು ಮಾತ್ರ ತಣ್ಣಗಿತ್ತು.

ಹಿಂಗಾಗಿ ದಿನಕ್ಕೊಂದು ಸುತ್ತು.
ಸಂಜಿಮುಂದ ಲೂನಾ, ಗುಡ್ಡ, ಚಾವಿ.
ಜಾಲಿಂದರ ಬ್ಯಾಟರಿ ಹಿಡೀತಾನ, ಮಾರಿ ಆ ಕಡೆ ತಿರುವಿರತಾನ,
ನೋಡಿಲ್ಲ ಅಂತ ನಾಳೆ ಆಣಿ ಮಾಡಬೇಕಾದೀತಂತ.
ಲಾಗ್‌ಬುಕ್ಕಿನಾಗ ಇನ್ನೂ ಬಂದ್ ಐತಿ.

ನಿನ್ನೆಗೆ ಒಂಬತ್ತು ಆತು.
ಅವರ ಊರಿನ ಕಟ್ಟಕಡೆಯ ನಳ, ಸಾಲಿಗುಡಿ ಹಿಂದಿಂದು,
ರಾತ್ರಿ ಒಮ್ಮೆ ಕೆಮ್ಮೇತಂತ.
"ಆಲಂ?" ನಾನ ಕೇಳಿದೆ ಫೋನಿನಾಗ.
ತಡಾ ಮಾಡಿ, ಮನಿಮಂದಿ ಮಲಗಿದ ಮ್ಯಾಲಿನ ದನಿಯಾಗ,
"ಬಂತು" ಅಂದ ಅಂವ.

ಇನ್ನ ನಾಕ ಉಳದಾವು.
ಹತ್ತನೇದು ಬಿಗಿ ಐತಿ, ಗ್ರೀಸು ಒಯ್ಯಬೇಕು.